ಮನೆ ಡಿವಿಆರ್‌ನಲ್ಲಿ 1 ಟಿಬಿ ಡಿಸ್ಕ್ ತೆಗೆದು 4 ಟಿಬಿ ಹಾಕುವುದು: ಲೆಕ್ಕ, ಅಡಾಪ್ಟರ್, ಫಾರ್ಮ್ಯಾಟ್

ಕುವೆಂಪುನಗರ_ಗೇಟ್

ನಮಸ್ಕಾರ. ಮೈಸೂರು ಕುವೆಂಪುನಗರದ ಮನೆ. ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡೋ 8 ಚಾನೆಲ್ ಡಿವಿಆರ್, 2 ಮೆಗಾಪಿಕ್ಸೆಲ್‌ನ 6 ಕ್ಯಾಮೆರಾ, ಎಲ್ಲವೂ ಕೋಆಕ್ಸಿಯಲ್ ಕೇಬಲ್‌ನಲ್ಲಿ. ಒಳಗಿರೋದು 1 ಟಿಬಿ ಡಿಸ್ಕ್. ನಾಲ್ಕು ದಿನದ ಹಿಂದಿನ ರೆಕಾರ್ಡಿಂಗ್ ಹುಡುಕಿದರೆ ಸಿಗೋದಿಲ್ಲ. ಕನಿಷ್ಠ 30 ದಿನದ್ದು ಉಳಿಯಬೇಕು.

ಈಗಿನ ಸೆಟ್ಟಿಂಗ್: ಎಚ್.264 (ವಿಡಿಯೋ ಕುಗ್ಗಿಸೋ ವಿಧಾನ), 1080ಪಿ, ಸೆಕೆಂಡಿಗೆ 25 ಫ್ರೇಮ್, ಪ್ರತಿ ಕ್ಯಾಮೆರಾಗೆ 4096 ಕೆಬಿಪಿಎಸ್ ಬಿಟ್‌ರೇಟ್ (ಸೆಕೆಂಡಿಗೆ ಬರೆಯೋ ಕಿಲೋಬಿಟ್), 24 ಗಂಟೆ ರೆಕಾರ್ಡಿಂಗ್. ಕೈಪಿಡಿಯಲ್ಲಿ ಒಂದು ಸಾಟಾ ಪೋರ್ಟ್ (ಡಿಸ್ಕ್ ಜೋಡಿಸೋ ಜಾಗ), 6 ಟಿಬಿವರೆಗೆ ಅಂತಿದೆ. ಅಡಾಪ್ಟರ್ ಮೇಲೆ 12 ವೋಲ್ಟ್ 2 ಆಂಪ್.

4 ಟಿಬಿ ಸಾಕಾ, 6 ಬೇಕಾ? ಹಳೇ ಡಿಸ್ಕ್‌ನಲ್ಲಿರೋದನ್ನು ಹೊಸದಕ್ಕೆ ಕಾಪಿ ಮಾಡಬಹುದಾ? ಕಂಪ್ಯೂಟರ್‌ಗೆ ಹಾಕೋ ಸಾಮಾನ್ಯ ಡಿಸ್ಕ್ ಕಮ್ಮಿ ಬೆಲೆಗೆ ಸಿಗುತ್ತೆ, ಅದನ್ನೇ ಹಾಕಿದರೆ ಏನಾಗುತ್ತೆ? ತಿಳಿದವರು ದಯವಿಟ್ಟು ಹೇಳಿ.

ಬೆಸುಗೆಕಡ್ಡಿ

ಡಿಸ್ಕ್ ಎಷ್ಟು ದೊಡ್ಡದಿರಬೇಕು ಅನ್ನೋದು ಎರಡನೇ ಪ್ರಶ್ನೆ ಸಾರ್. ದಿನಕ್ಕೆ ಎಷ್ಟು ಬರೆಯುತ್ತೆ ಅನ್ನೋದು ಮೊದಲನೇದು. ಒಂದೇ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: 1 ಎಂಬಿಪಿಎಸ್ ಅನ್ನು 24 ಗಂಟೆ ಬರೆದರೆ 10.8 ಜಿಬಿ. ಸೆಕೆಂಡಿಗೆ 10 ಲಕ್ಷ ಬಿಟ್, ಎಂಟರಿಂದ ಭಾಗಿಸಿದರೆ 1.25 ಲಕ್ಷ ಬೈಟ್, ದಿನಕ್ಕೆ 86,400 ಸೆಕೆಂಡ್. ಅಷ್ಟೇ.

ನಿಮ್ಮದು 6 ಕ್ಯಾಮೆರಾ, ತಲಾ 4.096 ಎಂಬಿಪಿಎಸ್, ಒಟ್ಟು 24.6. ಅದನ್ನು 10.8ರಿಂದ ಗುಣಿಸಿ, ದಿನಕ್ಕೆ ಸುಮಾರು 265 ಜಿಬಿ. 1 ಟಿಬಿ ಅಂದರೆ 1000 ಜಿಬಿ, 3.8 ದಿನಕ್ಕೆ ತುಂಬಿತು. ನೀವು ಹೇಳಿದ ನಾಲ್ಕು ದಿನಕ್ಕೆ ಸರಿಹೋಯ್ತು ನೋಡಿ. ಅಂದರೆ ಡಿಸ್ಕ್ ಕೆಟ್ಟಿಲ್ಲ, ಸರಿಯಾಗೇ ಕೆಲಸ ಮಾಡ್ತಿದೆ.

ಇದೇ ಸೆಟ್ಟಿಂಗ್ ಇಟ್ಟುಕೊಂಡು 4 ಟಿಬಿ ಹಾಕಿದರೆ 15 ದಿನ, 6 ಟಿಬಿ ಹಾಕಿದರೆ ಬರೀ 22 ದಿನ. ನಿಮ್ಮ ಡಿವಿಆರ್ ಒಪ್ಪುವ ಅತಿ ದೊಡ್ಡ ಡಿಸ್ಕ್ ಹಾಕಿದರೂ 30 ಮುಟ್ಟೋದಿಲ್ಲ. ಆದ್ದರಿಂದ ಮೊದಲು ಮೆನುವಿನಲ್ಲಿ ವಿಡಿಯೋ ಎನ್‌ಕೋಡಿಂಗ್ ತೆರೆದು ವಿಡಿಯೋವನ್ನು ಇನ್ನೂ ಹೆಚ್ಚು ಕುಗ್ಗಿಸೋ ಎಚ್.265 ಇದೆಯಾ ನೋಡಿ. ಕೋಆಕ್ಸಿಯಲ್ ಕ್ಯಾಮೆರಾಗಳಲ್ಲಿ ಎನ್‌ಕೋಡ್ ಮಾಡೋದು ಡಿವಿಆರ್, ಕ್ಯಾಮೆರಾ ಅಲ್ಲ. ಹಾಗಾಗಿ ಕ್ಯಾಮೆರಾ ಹಳೆಯದಾದರೂ ಡಿವಿಆರ್‌ನಲ್ಲಿ ಎಚ್.265 ಇದ್ದರೆ ಸಾಕು. ಇದ್ದರೆ 15 ಫ್ರೇಮ್, 2048 ಕೆಬಿಪಿಎಸ್ ಮಾಡಿ. ಆಗ ಒಟ್ಟು 12.3 ಎಂಬಿಪಿಎಸ್, ದಿನಕ್ಕೆ 133 ಜಿಬಿ, 4 ಟಿಬಿಯಲ್ಲಿ ಸರಿಯಾಗಿ 30 ದಿನ. ಹಿತ್ತಲು, ಮೆಟ್ಟಿಲು ಇಂಥ ಎರಡು ಕ್ಯಾಮೆರಾಗೆ 1024 ಕೊಟ್ಟರೆ ದಿನಕ್ಕೆ 111 ಜಿಬಿ, 36 ದಿನ. ಅಷ್ಟು ಕೈಯಲ್ಲಿ ಹೆಚ್ಚಿಗೆ ಇರಲಿ.

ಫ್ರೇಮ್ ಕಮ್ಮಿ ಮಾಡಿದರೆ ಗಾಡಿ ನಂಬರ್ ಓದೋಕಾಗಲ್ಲ ಅನ್ನೋ ಭಯ ಬಹಳ ಜನಕ್ಕಿದೆ. ಓಡೋ ಗಾಡಿಯ ನಂಬರ್ ಕಲಸಿಹೋಗೋದು ಶಟರ್ ನಿಧಾನ ಇರೋದರಿಂದ. 25 ಫ್ರೇಮ್ ಇದ್ದರೆ ಕಲಸಿದ ಚಿತ್ರವೇ 25 ಸಿಗುತ್ತೆ. ಗೇಟ್ ಕ್ಯಾಮೆರಾಗೆ ಬಿಟ್‌ರೇಟ್ 2048ಕ್ಕಿಂತ ಕಡಿಮೆ ಮಾಡಬೇಡಿ, ಫ್ರೇಮ್ ಕಡಿಮೆ ಮಾಡಿ. ಒಂದೊಂದು ಫ್ರೇಮ್‌ಗೂ ಹೆಚ್ಚು ಬಿಟ್ ಸಿಕ್ಕಿ ಚಿತ್ರ ಇನ್ನೂ ಗಟ್ಟಿಯಾಗುತ್ತೆ.

ಮಂಡ್ಯ_ವೈರಿಂಗ್

ಅಣ್ಣ, ಡಿಸ್ಕ್ ತರೋಕ್ ಮುಂಚೆ ಅಡಾಪ್ಟರ್ ಒಸಿ ನೋಡ್ಕಳಿ. ಹೊಸ ಡಿಸ್ಕ್ ಕೆಟ್ಟೈತೆ ಅಂತ ಅಂಗಡಿಗೆ ವಾಪಸ್ ಬರೋದ್ರಲ್ಲಿ ಸುಮಾರು ಡಿಸ್ಕು ಚೆನ್ನಾಗೇ ಇರ್ತವೆ, ಸೊರಗಿರೋದು ಅಡಾಪ್ಟರ್.

3.5 ಇಂಚಿನ ಡಿಸ್ಕ್ ನಿಂತಿದ್ದಲ್ಲಿಂದ ಸುತ್ತೋಕೆ ಶುರು ಮಾಡೋವಾಗ 12 ವೋಲ್ಟ್ ಲೈನಿಂದ 1.8 ಆಂಪ್ ಹತ್ರ ಎಳೀತದೆ. ಅದು ಕೆಲವೇ ಸೆಕೆಂಡು. ಆಮೇಲೆ ಓಡ್ತಿರೋವಾಗ 5 ವ್ಯಾಟ್ ಆಸುಪಾಸು ಅಷ್ಟೇ. ಅದೇ ಅಡಾಪ್ಟರೇ ಬೋರ್ಡನ್ನೂ ಸಾಕಬೇಕು, ಫ್ಯಾನೂ ಸುತ್ತಬೇಕು. 2 ಆಂಪ್ ಅಂತ ಬರೆದಿರೋದು ಹೊಸದ್ರಲ್ಲಿ. ನಾಕೈದು ವರ್ಷ ಬಿಸೀಲಿ ಕೂತಿದ್ರೆ ಒಳಗಿನ ಕೆಪಾಸಿಟರ್ ಒಣಗಿ ಅಷ್ಟು ಕೊಡಲ್ಲ.

ಗುರುತು ಹೆಂಗೆ ಅಂದ್ರೆ, ಸ್ವಿಚ್ ಹಾಕ್ದಾಗ ಡಿಸ್ಕ್ ಸುಯ್ಯ್ ಅಂತ ಏರ್ತದೆ, ಪೂರ್ತಿ ವೇಗಕ್ಕೆ ಬರೋ ಮುಂಚೆ ಟಕ್ ಅಂದು ಇಳೀತದೆ, ಮತ್ತೆ ಏರ್ತದೆ, ಮತ್ತೆ ಟಕ್. ಟಿವಿ ಮೇಲೆ ಡಿವಿಆರ್ ಲೋಗೋ ಬಂದು ಬಂದು ಹೋಗ್ತಾ ಇರ್ತದೆ. ಮಲ್ಟಿಮೀಟರ್ ಇದ್ರೆ ಡಿಸ್ಕ್ ಸುತ್ತೋಕೆ ಶುರುವಾಗೋ ಗಳಿಗೇಲಿ ನೋಡಿ. 11.4 ವೋಲ್ಟ್‌ಗಿಂತ ಕೆಳಕ್ಕೆ ಬಿದ್ರೆ ಅಡಾಪ್ಟರ್ ಬದಲಾಯಿಸಿ. ಲೋಡ್ ಇಲ್ದೆ ಅಳೆದು 12 ಐತೆ ಅಂತ ಖುಷಿ ಪಡಬೇಡಿ, ಸತ್ತಿರೋ ಅಡಾಪ್ಟರೂ ಲೋಡ್ ಇಲ್ದಾಗ 12 ತೋರಿಸ್ತದೆ.

ಹೊಸದು ತಗಳೋದಾದ್ರೆ 12 ವೋಲ್ಟ್, 3 ಆಂಪ್‌ಗೆ ಕಮ್ಮಿ ಬೇಡ. ಆಂಪ್ ಜಾಸ್ತಿ ಇದ್ರೆ ಏನೂ ಆಗಲ್ಲ, ಬೇಕಾದಷ್ಟೇ ಎಳ್ಕತದೆ. ವೋಲ್ಟೇಜ್ ಮಾತ್ರ 12 ಬಿಟ್ಟು ಬೇರೆ ಆಗಬಾರ್ದು. ಪಿನ್ ಹೆಚ್ಚಿನವಕ್ಕೆ 5.5 ಕ್ಕೆ 2.1 ಮಿ.ಮೀ., ನಡುವೆ ಪ್ಲಸ್. ಹಳೇದನ್ನ ಕೈಲಿ ಹಿಡ್ಕಂಡೋಗಿ ಹೋಲಿಸಿ ತನ್ನಿ.

ಡಿಸ್ಕ್_ಪರೀಕ್ಷಕ

ಕಂಪ್ಯೂಟರ್ ಡಿಸ್ಕ್ ಹಾಕಬಹುದೇ ಅನ್ನೋ ಪ್ರಶ್ನೆಗೆ: ಹಾಕಿದರೆ ಮೊದಲ ದಿನ ಓಡುತ್ತದೆ. ತೊಂದರೆ ಆಮೇಲೆ, ಮೂರು ಕಡೆಯಿಂದ.

ಒಂದು, ಬರಹದ ಭಾರ. ನಿಮ್ಮ ಈಗಿನ ಸೆಟ್ಟಿಂಗ್‌ನಲ್ಲಿ ದಿನಕ್ಕೆ 265 ಜಿಬಿ ಅಂದರೆ ವರ್ಷಕ್ಕೆ 97 ಟಿಬಿ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಮಿತಿ ವರ್ಷಕ್ಕೆ 55 ಟಿಬಿ. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥ ಕಣ್ಗಾವಲು ಡಿಸ್ಕ್‌ಗಳಿಗೆ 180 ಟಿಬಿ, ಅದೂ ದಿನದ 24 ಗಂಟೆ ಓಡುವುದಕ್ಕೆ.

ಎರಡು, ಬರೆಯುವ ವಿಧಾನ. 2 ಟಿಬಿಗಿಂತ ಮೇಲಿನ ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಬಹಳಷ್ಟು ಎಸ್‌ಎಂಆರ್. ಅದರಲ್ಲಿ ಟ್ರ್ಯಾಕ್‌ಗಳು ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಕೆಳಗಿನ ಹೆಂಚು ಬದಲಿಸಬೇಕಾದರೆ ಮೇಲಿನವನ್ನೂ ಎತ್ತಬೇಕು. ಡಿಸ್ಕ್ ಒಮ್ಮೆ ತುಂಬಿ ಹಳೆಯದರ ಮೇಲೆ ಬರೆಯಲು ಶುರುವಾದ ಮೇಲೆ, ಬಿಡುವೇ ಇಲ್ಲದೆ ಬರೆಯುವ ಡಿವಿಆರ್‌ನಲ್ಲಿ ಅದು ಆಗಾಗ ತಡವರಿಸುತ್ತದೆ. ಪ್ಲೇಬ್ಯಾಕ್‌ನಲ್ಲಿ ನಡುನಡುವೆ ಕೆಲವು ಸೆಕೆಂಡ್ ಮಾಯ. ಮೊದಲ ತಿಂಗಳು ಚೆನ್ನಾಗಿದ್ದು ಎರಡನೇ ತಿಂಗಳು ಕೆಡುವುದರ ಗುಟ್ಟು ಇದೇ. ಕೊಳ್ಳುವ ಮಾದರಿ ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರದ ವಿಧಾನ) ಅಂತ ತಯಾರಕರ ಮಾಹಿತಿ ಹಾಳೆಯಲ್ಲಿ ಖಚಿತ ಮಾಡಿಕೊಳ್ಳಿ.

ಮೂರು, ದೋಷ ಬಂದಾಗಿನ ನಡವಳಿಕೆ. ಡೆಸ್ಕ್‌ಟಾಪ್ ಡಿಸ್ಕ್‌ಗೆ ಒಂದು ಸೆಕ್ಟರ್ (ಡಿಸ್ಕ್‌ನ ಒಂದು ಸಣ್ಣ ತುಂಡು) ಓದಲಾಗದಿದ್ದರೆ ಎಲ್ಲ ನಿಲ್ಲಿಸಿ ಅದನ್ನೇ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಕೂರುತ್ತದೆ. ದಾಖಲೆ ಕಡತಕ್ಕೆ ಅದು ಒಳ್ಳೆಯದು. ಡಿವಿಆರ್‌ನಲ್ಲಿ ಆ ಹೊತ್ತಿಗೆ ಆರೂ ಕ್ಯಾಮೆರಾಗಳ ಹೊಸ ಚಿತ್ರ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಕಣ್ಗಾವಲು ಡಿಸ್ಕ್ ಒಂದು ಫ್ರೇಮ್ ಬಿಟ್ಟು ಮುಂದೆ ಹೋಗುತ್ತದೆ. ನಮಗೆ ಬೇಕಾಗಿರುವುದು ಅದೇ.

ಕೊಂಡ ದಿನವೇ ಡಿಸ್ಕ್ ಮೇಲಿನ ಸೀರಿಯಲ್ ನಂಬರನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಪೆಟ್ಟಿಗೆ ಇಲ್ಲದೆ ಬರೀ ಕವರ್‌ನಲ್ಲಿ ಕೊಡುವ, ನೇರಳೆ ಲೇಬಲ್ ಅಂಟಿಸಿದ ಬಳಸಿದ ಡಿಸ್ಕ್‌ಗಳೂ ಮಾರುಕಟ್ಟೆಯಲ್ಲಿವೆ. ತಿರುಪು ಕೂರುವ ತೂತುಗಳ ಅಂಚಿನಲ್ಲಿ ಗೀರು ಇದ್ದರೆ ಅದು ಎಲ್ಲೋ ಒಮ್ಮೆ ಕೂತು ಎದ್ದದ್ದು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಸರಸ್ವತಿಪುರಂ_ಕಾಫಿ

ನಡುವೆ ಒಂದು ಪ್ರಶ್ನೆ. ಸುತ್ತುವ ತಟ್ಟೆ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಸದ್ದೂ ಇಲ್ಲ, ಬಿಸಿಯೂ ಇಲ್ಲ, ಅಡಾಪ್ಟರ್ ಚಿಂತೆಯೂ ಇಲ್ಲ ಅಲ್ವಾ?

ಡಿಸ್ಕ್_ಪರೀಕ್ಷಕ

ಅಡಾಪ್ಟರ್ ವಿಚಾರದಲ್ಲಿ ನಿಮ್ಮ ಮಾತು ಸರಿ. ಆದರೆ 24.6 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಬರೀ 3 ಎಂಬಿ ಬರಹ. ಸುತ್ತುವ ಡಿಸ್ಕ್ ಸೆಕೆಂಡಿಗೆ 150 ಎಂಬಿ ಸಲೀಸಾಗಿ ಬರೆಯುತ್ತದೆ. ಎಸ್‌ಎಸ್‌ಡಿಯ ವೇಗಕ್ಕೆ ಕೊಡುವ ಹಣ ಇಲ್ಲಿ ವ್ಯರ್ಥ. 600 ಟಿಬಿ ಬರಹದ ಮಿತಿ ಇರುವ 1 ಟಿಬಿ ಎಸ್‌ಎಸ್‌ಡಿ ವರ್ಷಕ್ಕೆ 97 ಟಿಬಿಯಂತೆ ಆರು ವರ್ಷ ಬರಬಹುದು, ಆದರೆ ಉಳಿಯುವುದು ಮತ್ತೆ ಅದೇ ನಾಲ್ಕು ದಿನ. 4 ಟಿಬಿಯ ಎಸ್‌ಎಸ್‌ಡಿ ಬೆಲೆ ಕೇಳಿದ ಮೇಲೆ ಈ ಪ್ರಶ್ನೆ ಉಳಿಯುವುದಿಲ್ಲ. ಹಾಗೆಯೇ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ 2.5 ಇಂಚಿನ ಡಿಸ್ಕ್ ಕೂಡ ಬೇಡ, ಅದು 24 ಗಂಟೆ ಓಡಲು ಮಾಡಿದ್ದಲ್ಲ.

ಬೆಸುಗೆಕಡ್ಡಿ

ಈಗ ಬಿಚ್ಚಿ ಹಾಕುವ ಕೆಲಸ. ಎಲ್ಲಕ್ಕಿಂತ ಮೊದಲು ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕೈಯಲ್ಲಿದೆಯಾ? ಬಹಳ ಮನೆಗಳಲ್ಲಿ ಅದು ಕ್ಯಾಮೆರಾ ಹಾಕಿಕೊಟ್ಟವರ ಹತ್ತಿರವೇ ಉಳಿದಿರುತ್ತೆ. ಅದಿಲ್ಲದೆ ಹೊಸ ಡಿಸ್ಕ್ ಫಾರ್ಮ್ಯಾಟ್ ಆಗಲ್ಲ, ಫಾರ್ಮ್ಯಾಟ್ ಆಗದೆ ಒಂದು ಸೆಕೆಂಡೂ ರೆಕಾರ್ಡ್ ಆಗಲ್ಲ. ಪಾಸ್‌ವರ್ಡ್ ಸಿಕ್ಕಿ, ಒಮ್ಮೆ ಹಾಕಿ ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ. ಡಿವಿಆರ್ ಇನ್ನೂ ವಾರಂಟಿಯಲ್ಲಿದ್ದು ಮುಚ್ಚಳದ ಮೇಲೆ ಸೀಲ್ ಇದ್ದರೆ ಮಾರಿದವರನ್ನು ಕೇಳಿಯೇ ಬಿಚ್ಚಿ.

ಹಳೇ ರೆಕಾರ್ಡಿಂಗ್ ಅನ್ನು ಇಡಿಯಾಗಿ ಹೊಸ ಡಿಸ್ಕ್‌ಗೆ ಕಾಪಿ ಮಾಡೋ ಯೋಚನೆ ಬಿಡಿ. ಡಿವಿಆರ್‌ಗಳು ತಮ್ಮದೇ ಫೈಲ್ ವ್ಯವಸ್ಥೆ ಬಳಸುತ್ತವೆ. ಸೆಕ್ಟರ್‌ಗೆ ಸೆಕ್ಟರ್ ಕ್ಲೋನ್ ಮಾಡಿದರೂ ಡಿವಿಆರ್ ಅದನ್ನು 1 ಟಿಬಿ ಅಂತಲೇ ನೋಡುತ್ತೆ. ಬೇಕಾದ ತುಣುಕುಗಳನ್ನು ಮಾತ್ರ ಬ್ಯಾಕಪ್ ಮೆನುವಿನಿಂದ ಪೆನ್‌ಡ್ರೈವ್‌ಗೆ ಇಳಿಸಿ. ಪೆನ್‌ಡ್ರೈವ್ ಫ್ಯಾಟ್32 ಇರಲಿ. ಹಳೇ ಡಿಸ್ಕ್ ಅನ್ನು ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದರೆ ‘ಇನಿಶಿಯಲೈಸ್ ಮಾಡಲೇ?’ ಅಂತ ಕೇಳುತ್ತೆ. ಒತ್ತಬೇಡಿ. ಅದೇ ಡಿವಿಆರ್‌ಗೆ ವಾಪಸ್ ಹಾಕಿದರೆ ಎಲ್ಲ ಹಾಗೇ ಪ್ಲೇ ಆಗುತ್ತೆ, ಬೇಕಾದರೆ.

ಮೆನುವಿನಿಂದಲೇ ಶಟ್‌ಡೌನ್ ಕೊಡಿ. ಆಮೇಲೆ ಅಡಾಪ್ಟರ್ ತೆಗೆದು ಅರ್ಧ ನಿಮಿಷ ಬಿಡಿ, ಒಳಗಿನ ತಟ್ಟೆ ಪೂರ್ತಿ ನಿಲ್ಲಲಿ. ಹಿಂದಿನ ಕ್ಯಾಮೆರಾ ವೈರ್‌ಗಳ ಫೋಟೋ ತೆಗೆದಿಟ್ಟುಕೊಂಡು ಬಿಚ್ಚಿ, ಇಲ್ಲದಿದ್ದರೆ 1ನೇ ಚಾನೆಲ್ ಗೇಟ್ ಹೋಗಿ ಅಡುಗೆಮನೆ ಆಗುತ್ತೆ.

ಮುಚ್ಚಳ ತೆಗೆದಾಗ ಡಿಸ್ಕ್ ಪೆಟ್ಟಿಗೆಯ ತಳಕ್ಕೆ ಕೂತಿರುತ್ತೆ, ತಿರುಪು ನಾಲ್ಕೂ ಕೆಳಗಡೆಯಿಂದ. ತಳ ತಿರುಗಿಸಿ ನೋಡಿ: ತೂತುಗಳು ದುಂಡಗಿರಲ್ಲ, ಬೀಗದ ಕೈ ತೂತಿನ ಹಾಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಹಾಗಾಗಿ ತಿರುಪನ್ನು ಪೂರ್ತಿ ಬಿಚ್ಚೋದು ಬೇಡ. ಎರಡು ಸುತ್ತು ಸಡಿಲಿಸಿ, ಡಿಸ್ಕ್ ಅನ್ನು ಅಗಲದ ಕಡೆಗೆ ಜಾರಿಸಿ ಮೇಲೆತ್ತಿ. ಹೊಸ ಡಿಸ್ಕ್‌ಗೆ ಅದೇ ನಾಲ್ಕು ತಿರುಪು ಮೊದಲೇ ಅರ್ಧ ಹಾಕಿ, ಕೂರಿಸಿ, ಜಾರಿಸಿ, ಬಿಗಿ ಮಾಡಿ. ಬೇರೆ ಉದ್ದನೆಯ ತಿರುಪು ಹಾಕಬೇಡಿ. ದೊಡ್ಡ ಸಾಮರ್ಥ್ಯದ ಕೆಲವು ಡಿಸ್ಕ್‌ಗಳಲ್ಲಿ ಕೆಳಗಿನ ತೂತುಗಳ ಜಾಗವೇ ಬೇರೆ ಇರುತ್ತೆ, ಆಗ ಎರಡು ತಿರುಪಷ್ಟೇ ಸಿಗುತ್ತವೆ. ಅಂಥದ್ದನ್ನು ಅಲುಗಾಡುವ ಹಾಗೆ ಬಿಡಬಾರದು.

ಸಾಟಾ ಕೇಬಲ್‌ನ ತುದಿ ಒಳಗಡೆ ‘ಎಲ್’ ಆಕಾರ ಇದೆ, ಒಂದೇ ದಿಕ್ಕಿಗೆ ಹೋಗುತ್ತೆ. ಬಲ ಹಾಕಿ ಒತ್ತಿದರೆ ಡಿಸ್ಕ್ ಕಡೆಯ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತೆ, ಅದು ಮುರಿದರೆ ವಾರಂಟಿಯೂ ಹೋಯ್ತು. ಮುಚ್ಚುವ ಮುಂಚೆ ಫ್ಯಾನ್‌ನ ಧೂಳು ಬ್ರಷ್‌ನಿಂದ ತೆಗೆಯಿರಿ. ಬ್ಲೋಯರ್ ಹೊಡೆಯೋದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ.

ಆನ್ ಮಾಡಿದ ಮೇಲೆ ಸ್ಟೋರೇಜ್ ಮೆನುವಿನಲ್ಲಿ ಡಿಸ್ಕ್ ‘ಅನ್‌ಇನಿಶಿಯಲೈಸ್ಡ್’ ಅಂತ ಬರುತ್ತೆ. ಆರಿಸಿ ಇನಿಶಿಯಲೈಸ್ ಅಥವಾ ಫಾರ್ಮ್ಯಾಟ್ ಕೊಡಿ. 4 ಟಿಬಿ ಅನ್ನೋದು ಸುಮಾರು 3,726 ಜಿಬಿ ಅಂತ ಕಾಣುತ್ತೆ, ಮೋಸ ಅಲ್ಲ, 1024ರ ಲೆಕ್ಕ. ಕ್ಯಾಮೆರಾ ಹೆಸರು, ಮೊಬೈಲ್ ಆಪ್ ಜೋಡಣೆ ಇವೆಲ್ಲ ಬೋರ್ಡ್‌ನಲ್ಲೇ ಇರೋದರಿಂದ ಹೋಗಲ್ಲ.

ಪಾಂಡವಪುರ_ನಾಲೆ

ಇಲ್ಲೊಂದು ಹಳೇ 4 ಚಾನೆಲ್ ಡಿವಿಆರ್ ಐತೆ. ಅದಕ್ಕೆ 4 ಟಿಬಿ ಹಾಕಿದ್ರೆ 1,678 ಜಿಬಿ ಅಂತ ತೋರಿಸ್ತದೆ. ಫಾರ್ಮ್ಯಾಟ್ ಮಾಡಿದ್ರೂ ಅಷ್ಟೇ. ಡಿಸ್ಕ್ ನಕಲಿಯಾ?

ಡಿಸ್ಕ್_ಪರೀಕ್ಷಕ

ನಕಲಿಯಲ್ಲ. ಆ ಡಿವಿಆರ್‌ಗೆ ಸೆಕ್ಟರ್ ಎಣಿಸಲು 32 ಬಿಟ್ ಮಾತ್ರ ಇದೆ. ಒಂದು ಸೆಕ್ಟರ್ 512 ಬೈಟ್ ಆದರೆ ಅದರ ಎಣಿಕೆ 2.2 ಟಿಬಿಗೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 4ರಲ್ಲಿ 2.2 ಕಳೆದರೆ ಉಳಿದ 1.8 ಟಿಬಿಯೇ ನಿಮಗೆ ಕಾಣುತ್ತಿರುವ 1,678 ಜಿಬಿ. 3 ಟಿಬಿ ಹಾಕಿದ್ದರೆ 746 ತೋರಿಸುತ್ತಿತ್ತು. ತಯಾರಕರ ಹೊಸ ಫರ್ಮ್‌ವೇರ್ (ಡಿವಿಆರ್ ಒಳಗಿನ ಸಾಫ್ಟ್‌ವೇರ್) ಇದ್ದರೆ ನೋಡಿ, ಇಲ್ಲದಿದ್ದರೆ ಆ ಡಿವಿಆರ್‌ಗೆ 2 ಟಿಬಿಯೇ ಸರಿ. 4 ಟಿಬಿ ಡಿಸ್ಕ್ ಇನ್ನೊಂದು ಹೊಸ ಡಿವಿಆರ್‌ಗೆ ಬಂದೀತು, ಅದಕ್ಕೇನೂ ಪೆಟ್ಟಾಗಿಲ್ಲ.

ಸರಸ್ವತಿಪುರಂ_ಕಾಫಿ

24 ಗಂಟೆ ಯಾಕೆ ಬರೀಬೇಕು? ಏನಾದರೂ ಅಲುಗಿದಾಗ ಮಾತ್ರ ಬರೆಯೋ ಮೋಷನ್ ರೆಕಾರ್ಡಿಂಗ್ ಹಾಕಿದರೆ 1 ಟಿಬಿಯಲ್ಲೇ ತಿಂಗಳು ಬರುತ್ತಲ್ಲ. ಡಿಸ್ಕ್ ಬದಲಾಯಿಸೋ ಖರ್ಚೇ ಇಲ್ಲ.

ಬೆಸುಗೆಕಡ್ಡಿ

ಮನೆ ಒಳಗಿನ ಕ್ಯಾಮೆರಾಗೆ ಒಪ್ಪುತ್ತೇನೆ. ಗೇಟ್‌ಗೆ ಒಪ್ಪೋದಿಲ್ಲ. ನಮ್ಮ ಬೀದಿಗಳಲ್ಲಿ ಮನೆ ಮುಂದೆ ಹೊಂಗೆಯೋ ಸಂಪಿಗೆಯೋ ಇದ್ದೇ ಇರುತ್ತೆ, ಗಾಳಿಗೆ ರೆಂಬೆ ಆಡಿದರೆ ಅದೂ ಮೋಷನ್. ಅದಕ್ಕೆ ಅಂತ ಸೆನ್ಸಿಟಿವಿಟಿ ಇಳಿಸಿದರೆ ರಾತ್ರಿ ಮಬ್ಬು ಬೆಳಕಲ್ಲಿ ಕಾಂಪೌಂಡ್ ಪಕ್ಕ ನಿಧಾನ ನಡೆದು ಹೋದವನು ಸಿಗೋದಿಲ್ಲ. ಬೇಕಾದ ಒಂದೇ ಒಂದು ಸಲ ಸಿಗದಿದ್ದರೆ ಇಡೀ ವ್ಯವಸ್ಥೆ ಇಟ್ಟು ಏನು ಪ್ರಯೋಜನ? ಗೇಟ್ ಮತ್ತು ಗಾಡಿ ನಿಲ್ಲಿಸೋ ಜಾಗ ಸದಾ ರೆಕಾರ್ಡ್, ಒಳಗಿನವು ಮೋಷನ್, ಅಲುಗಾಟಕ್ಕೆ ಮುಂಚಿನ 5 ಸೆಕೆಂಡ್, ಆಮೇಲಿನ 30 ಸೆಕೆಂಡ್ ಸೇರಿಸಿ. ಹೀಗೆ ಮಾಡಿದರೆ ನೀವು ಹೇಳಿದ ಉಳಿತಾಯವೂ ಅರ್ಧ ಸಿಗುತ್ತೆ.

ಕುವೆಂಪುನಗರ_ಗೇಟ್

ಎಲ್ಲರಿಗೂ ಧನ್ಯವಾದ. 4 ಟಿಬಿ ಸಿಎಂಆರ್ ಕಣ್ಗಾವಲು ಡಿಸ್ಕ್ ಕೂರಿಸಿ ಆಯ್ತು. 3,726 ಜಿಬಿ ತೋರಿಸಿತು, ಎಚ್.265, 15 ಫ್ರೇಮ್, 2048. ಅಡಾಪ್ಟರ್ ಬದಲು ಕ್ಯಾಮೆರಾಗಳ 12 ವೋಲ್ಟ್ 5 ಆಂಪ್ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನಿಂದಲೇ ಡಿವಿಆರ್‌ಗೂ ಲೈನ್ ಕೊಟ್ಟಿದೆ. ಹಗಲೆಲ್ಲ ಸರಿ ಇದೆ. ಸಂಜೆ ಆರೂವರೆ ಸುಮಾರಿಗೆ ಡಿವಿಆರ್ ತಾನಾಗೇ ರೀಸ್ಟಾರ್ಟ್ ಆಗ್ತಿದೆ, ಟಿವಿ ಮೇಲೆ ಅಡ್ಡ ಪಟ್ಟೆಗಳೂ ಮೇಲೆ ಹೋಗ್ತಿವೆ.

ಮಂಡ್ಯ_ವೈರಿಂಗ್

ಸಂಜೆ ಆರೂವರೆಗೇ ಅಂದ್ರೆ ಗೊತ್ತಾಯ್ತು ಬುಡಿ. ಕತ್ತಲಾದ ತಕ್ಷಣ ಆರೂ ಕ್ಯಾಮೆರಾಗಳ ರಾತ್ರಿ ನೋಡೋಕಿರೋ ಐಆರ್ ಲೈಟ್ ಒಟ್ಟಿಗೆ ಹತ್ತುತಾವೆ. ಹಗಲಿಗಿಂತ ಜಾಸ್ತಿ ಕರೆಂಟ್ ಎಳೀತವೆ, ಎಸ್‌ಎಂಪಿಎಸ್ ವೋಲ್ಟೇಜ್ ಕುಸೀತದೆ, ಡಿಸ್ಕ್ ತಡ್ಕಳಲ್ಲ. ಪಟ್ಟೆ ಬರ್ತಿರೋದೂ ಕ್ಯಾಮೆರಾಗೂ ಡಿವಿಆರ್‌ಗೂ ಒಂದೇ ಸಪ್ಲೈ ಆಗಿರೋದ್ರಿಂದ. ಡಿವಿಆರ್‌ಗೆ ಬೇರೆ ಅಡಾಪ್ಟರೇ ಹಾಕಿ, 3 ಆಂಪ್‌ದು. ಎರಡೂ ತಾಪತ್ರಯ ಒಟ್ಟಿಗೆ ಹೋಯ್ತದೆ.

ಇನ್ನೊಂದು. ಮನೇಲಿ ಇನ್ವರ್ಟರ್ ಇದ್ರೆ ಅದ್ರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರ್ತದಾ ನೋಡಿ. ಅದಿಲ್ದೆ ಸಾಮಾನ್ಯ ಮೋಡ್‌ನಾಗಿದ್ರೆ ಕರೆಂಟ್ ಹೋಗಿ ಇನ್ವರ್ಟರ್ ಹತ್ಕಳೋ ಆ ಸಣ್ಣ ಗ್ಯಾಪ್‌ನಾಗೆ ಡಿವಿಆರ್ ಆಫ್ ಆಗಿ ಆನ್ ಆಯ್ತದೆ. ದಿನಾ ಹಿಂಗಾದ್ರೆ ಡಿಸ್ಕ್‌ಗೆ ಒಳ್ಳೇದಲ್ಲ.

ಕುವೆಂಪುನಗರ_ಗೇಟ್

ಬೇರೆ ಅಡಾಪ್ಟರ್ ಹಾಕಿದ ಮೇಲೆ ರೀಸ್ಟಾರ್ಟ್ ನಿಂತಿದೆ, ಪಟ್ಟೆಯೂ ಇಲ್ಲ. ಆದರೆ ಇವತ್ತಿಗೆ ಹನ್ನೆರಡು ದಿನ, ಪ್ಲೇಬ್ಯಾಕ್‌ನಲ್ಲಿ ಏಳು ದಿನ ಮಾತ್ರ ಇದೆ. ಡಿಸ್ಕ್‌ನಲ್ಲಿ ಮುಕ್ಕಾಲು ಜಾಗ ಖಾಲಿ ತೋರಿಸುತ್ತಿದೆ.

ಡಿಸ್ಕ್_ಪರೀಕ್ಷಕ

ಜಾಗ ಖಾಲಿ ಇದ್ದೂ ಹಳೆಯದು ಅಳಿಯುತ್ತಿದೆ ಅಂದರೆ ಅವಧಿ ಮಿತಿ ಹಾಕಿರಬೇಕು. ಸ್ಟೋರೇಜ್ ಅಥವಾ ರೆಕಾರ್ಡ್ ಮೆನುವಿನ ಅಡ್ವಾನ್ಸ್‌ಡ್ ಭಾಗದಲ್ಲಿ ‘ಎಕ್ಸ್‌ಪೈರ್ಡ್ ಟೈಮ್’ ಅಥವಾ ‘ಆಟೋ ಡಿಲೀಟ್’ ಅಂತ ಇರುತ್ತದೆ. ಅಲ್ಲಿ 7 ಇದ್ದರೆ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಏಳೇ ದಿನ. ಈ ಸೆಟ್ಟಿಂಗ್ ಬೋರ್ಡ್‌ನಲ್ಲಿ ಇರುವುದರಿಂದ ಡಿಸ್ಕ್ ಬದಲಾದರೂ ಹಾಗೇ ಉಳಿದಿದೆ. ಕೆಲವು ಮಾದರಿಗಳಲ್ಲಿ ಅದು ಪ್ರತಿ ಕ್ಯಾಮೆರಾಗೂ ಬೇರೆ ಬೇರೆ, ಆರಕ್ಕೂ ಸೊನ್ನೆ (ಅಂದರೆ ಮಿತಿ ಇಲ್ಲ) ಹಾಕಿ. ಅಲ್ಲೇ ‘ಓವರ್‌ರೈಟ್’ ಆನ್ ಇದೆಯೇ ನೋಡಿ. ಅದು ಆಫ್ ಇದ್ದರೆ ಡಿಸ್ಕ್ ತುಂಬಿದ ದಿನ ಬೀಪ್ ಹೊಡೆದು ರೆಕಾರ್ಡಿಂಗ್ ನಿಲ್ಲುತ್ತದೆ.

ಗಡಿಯಾರವನ್ನೂ ನೋಡಿ. ಕರೆಂಟ್ ತೆಗೆದು ಹಾಕಿದಾಗ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಾಮಾನ್ಯವಾಗಿ ಸಿಆರ್2032, ಸತ್ತಿದೆ. ಟೈಮ್‌ಝೋನ್ 5:30 ಇಟ್ಟು ಇಂಟರ್ನೆಟ್‌ನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಆನ್ ಮಾಡಿ.

ಡಿಸ್ಕ್ ತನ್ನ ಆರೋಗ್ಯದ ವರದಿ ಕೊಡುವ ಸ್ಮಾರ್ಟ್ ಪುಟವನ್ನು ತಿಂಗಳಿಗೊಮ್ಮೆ ತೆರೆದು ಮೂರು ಸಾಲು ನೋಡಿದರೆ ಸಾಕು. 5 ಮತ್ತು 197 ನಂಬರಿನ ಸಾಲುಗಳು ಸೊನ್ನೆಯಲ್ಲೇ ಇರಬೇಕು, ಏರಲು ಶುರುವಾದರೆ ಡಿಸ್ಕ್ ಮೇಲ್ಮೈ ಕೆಡುತ್ತಿದೆ, ಬದಲಿಗೆ ಸಿದ್ಧರಾಗಿ. 199 ಏರುತ್ತಿದ್ದರೆ ಹೆಚ್ಚಿನ ಸಲ ತಪ್ಪು ಸಾಟಾ ಕೇಬಲ್‌ನದು, ಡಿಸ್ಕ್‌ನದಲ್ಲ. ತಾಪ 50 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಸಜ್ಜಾ ಮೇಲೆ ಬಟ್ಟೆ ಹೊದಿಸಿಟ್ಟ ಡಿವಿಆರ್ ಏಪ್ರಿಲ್‌ನಲ್ಲಿ ಸುಲಭವಾಗಿ ದಾಟುತ್ತದೆ.

ಕುವೆಂಪುನಗರ_ಗೇಟ್

ಹೌದು, ಆರಕ್ಕೂ 7 ಅಂತಲೇ ಇತ್ತು. ಸೊನ್ನೆ ಮಾಡಿದೆ. ಹಳೇ 1 ಟಿಬಿ ಏನು ಮಾಡೋದು? ಮಾರಬಹುದಾ?

ಬೆಸುಗೆಕಡ್ಡಿ

ಒಂದು ತಿಂಗಳು ಮಾರಬೇಡಿ. ಹೊಸದರಲ್ಲಿ 30 ದಿನ ತುಂಬುವವರೆಗೆ ಹಳೆಯ ದಿನಗಳು ಇರೋದು ಅದರಲ್ಲೇ. ಬೀದಿಯಲ್ಲಿ ಏನಾದರೂ ಆಗಿ ಪೊಲೀಸರು ಹಿಂದಿನ ವಾರದ್ದು ಕೇಳಿದರೆ ಅದನ್ನು ಮುಟ್ಟದೆ ಹಾಗೇ ಇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ರೆಕಾರ್ಡಿಂಗ್ ಪ್ರತಿಯ ಜೊತೆ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತು ಸಂಖ್ಯೆ) ಇರುವ ಪ್ರಮಾಣಪತ್ರ ಕೊಡಬೇಕು. ಹಾಗಾಗಿ ಮೊಬೈಲ್‌ನಲ್ಲಿ ಟಿವಿ ಪರದೆಯ ವಿಡಿಯೋ ತೆಗೆದು ವಾಟ್ಸ್‌ಆಪ್ ಮಾಡೋದು ಸಾಲದು, ಬ್ಯಾಕಪ್ ಮೆನುವಿನಿಂದ ಇಳಿಸಿದ ಮೂಲ ಫೈಲ್ ಬೇಕು.

ತಿಂಗಳಾದ ಮೇಲೆ ಕಂಪ್ಯೂಟರ್‌ಗೆ ಹಾಕಿ ಪೂರ್ತಿ ಸೊನ್ನೆ ಬರೆಸಿ. ಕ್ವಿಕ್ ಫಾರ್ಮ್ಯಾಟ್ ಸಾಲದು, ಮನೆಯವರೆಲ್ಲ ಅದರಲ್ಲಿ ಇದ್ದಾರೆ, ಬೀಗ ಎಲ್ಲಿಡ್ತೀರಿ ಅನ್ನೋದೂ ಇದೆ. ಸೆಕೆಂಡಿಗೆ 120 ಎಂಬಿ ಹಿಡಿದರೆ 1 ಟಿಬಿಗೆ ಎರಡೂಕಾಲು ಗಂಟೆ. ಆಮೇಲೆ ಸ್ಮಾರ್ಟ್‌ನ 5 ಮತ್ತು 197 ನೋಡಿ, ಎರಡೂ ಸೊನ್ನೆ ಇದ್ದರೆ ಮಾತ್ರ ಇನ್ನೊಬ್ಬರಿಗೆ ಕೊಡಿ.